ಹಳೆಯ ಪರದೆಯ ಪಾಠ

ಬೇಕರಿಯ ಮೇಲಿನ ಮಹಡಿಯಲ್ಲಿ ಬೆಳಿಗ್ಗೆ ಎಂಟೂವರೆಗೆಲ್ಲ ಪಾಠ ಶುರುವಾಗುತ್ತಿತ್ತು. ಕೆಳಗೆ ಬನ್ನು ಬೇಯುವ ವಾಸನೆ, ಮೇಲೆ ಇಪ್ಪತ್ತೆರಡು ಜನರ ಒಕ್ಕೊರಲು. ಬೀದಿಯಲ್ಲಿ ಹೋಗುವವರಿಗೆ ಅದು ಚರ್ಚಿನ ಪ್ರಾರ್ಥನೆಯ ಹಾಗೆ ಕೇಳುತ್ತಿತ್ತು.

“ಎಡಗಡೆ, ಕೆಳಗಿನ ಮೂಲೆ!” ಎಂದು ಎಲಿಸಿಯೋ ಸೊಬ್ರೆವೆಗಾ, ಎಲ್ಲರ ಬಾಯಲ್ಲಿ ಎಲಿ ಸರ್, ಕೂಗುತ್ತಿದ್ದರು.

“ಎಡಗಡೆ, ಕೆಳಗಿನ ಮೂಲೆ!”

“ಬಲಗಡೆ ಪಟ್ಟಿ, ಮೇಲಿಂದ ಐದನೇದು!”

“ಮೇಲಿಂದ ಐದನೇದು!”

“ಅಲ್ಲಿ ಏನು ಸಿಗುತ್ತೆ?”

“ಪ್ರಿಂಟರು!”

ಫಿಲಿಪ್ಪೀನ್ಸಿನ ಇಲೊಯಿಲೊ ಊರಿನಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರಗಳಿಗೇನೂ ಬರವಿರಲಿಲ್ಲ. ಆದರೆ ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಕೂತವರನ್ನೆಲ್ಲ ಪಾಸು ಮಾಡಿಸುವ ಮೇಷ್ಟ್ರು ಎಂದರೆ ಎಲಿ ಸರ್ ಒಬ್ಬರೇ. ಅವರ ಕ್ರಮ ಸರಳವಾಗಿತ್ತು. ಪರದೆಯ ಮೇಲೆ ಎಲ್ಲೆಲ್ಲಿ ಒತ್ತಬೇಕು ಎನ್ನುವುದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುವುದು. ಪರೀಕ್ಷೆಯಲ್ಲಿ ಅದೇ ಪರದೆಯ ಚಿತ್ರ ಬರುತ್ತದೆ, ಸರಿಯಾದ ಉತ್ತರಕ್ಕೆ ಗುರುತು ಹಾಕಿದರಾಯಿತು. ಆ ಕಾಗದ ಕೈಗೆ ಬಂದರೆ ದೊಡ್ಡ ಆಫೀಸುಗಳ ಸಹಾಯವಾಣಿಯಲ್ಲಿ ಕೆಲಸ. ಕಂಪ್ಯೂಟರ್ ಕೈಕೊಟ್ಟವರು ಫೋನು ಮಾಡುತ್ತಾರೆ, ಇವರು ತಣ್ಣಗಿನ ಕೋಣೆಯಲ್ಲಿ ಕೂತು ದಾರಿ ಹೇಳುತ್ತಾರೆ.

ಆ ಬ್ಯಾಚಿನಲ್ಲಿ ರೊವೆನಾ ಕತಾಲ್ಬಾಸ್ ಎಂಬ ಮೂವತ್ತಾರರ ಹೆಂಗಸಿದ್ದಳು. ಅತ್ತೆಯ ಜೊತೆ ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತಿದ್ದವಳು. ಕೈ ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲವೆಂದು ಮೊದಲ ದಿನ ಕೀಬೋರ್ಡ್ ಮುಟ್ಟಲೂ ಹಿಂಜರಿದಿದ್ದಳು. ಆರು ವರ್ಷದ ಮಗಳಿದ್ದಳು, ಬಿಯಾ ಅಂತ. ಗಂಡ ಡಾನಿಲೋ ಮೂರು ಚಕ್ರದ ಗಾಡಿ ಓಡಿಸುತ್ತಿದ್ದ. ಹಾಂಗ್‌ಕಾಂಗಿನಲ್ಲಿ ಮನೆಕೆಲಸಕ್ಕೆ ಹೋಗಲು ಏಜೆನ್ಸಿಯಲ್ಲಿ ಅವಳ ಕಾಗದಪತ್ರವೆಲ್ಲ ತಯಾರಾಗಿತ್ತು. ಸಹಿ ಒಂದು ಬಾಕಿ. ಊರಿನಲ್ಲೇ ಸಹಾಯವಾಣಿ ಕೆಲಸ ಸಿಕ್ಕರೆ ಸಹಿ ಹಾಕುವುದಿಲ್ಲ, ಮಗಳನ್ನು ಬಿಟ್ಟು ಹೋಗುವುದಿಲ್ಲ ಎಂದು ಅವಳು ಇಡೀ ತರಗತಿಗೆ ಹೇಳಿಕೊಂಡಿದ್ದಳು.

ಆ ದಿನ ಅವಳೇ ಕೈ ಎತ್ತಿದಳು.

“ಸರ್, ಅದು ಐದನೇದೇ ಯಾಕೆ? ನಾಳೆ ಯಾರಾದ್ರೂ ಅದನ್ನ ಬೇರೆ ಕಡೆ ಇಟ್ರೆ ಹ್ಯಾಗೆ ಹುಡುಕೋದು?”

“ಅಯ್ಯೋ ತಾಯಿ, ಪರೀಕ್ಷೆಯಲ್ಲಿ ಯಾಕೆ ಅಂತ ಯಾರೂ ಕೇಳಲ್ಲ! ಎಲ್ಲಿ ಅಂತ ಮಾತ್ರ ಕೇಳ್ತಾರೆ,” ಎಂದರು ಎಲಿ ಸರ್. ತರಗತಿ ನಕ್ಕಿತು. ರೊವೆನಾಳೂ ನಕ್ಕು ತಲೆ ತಗ್ಗಿಸಿದಳು.

ಎಲಿ ಸರ್‌ಗೆ ಮಾತ್ರ ಆ ಪ್ರಶ್ನೆ ಎಲ್ಲೋ ಚುಚ್ಚಿತು. ಯಾಕೆಂದರೆ ಅದನ್ನು ಆಗಲೇ ಬೇರೆ ಕಡೆ ಇಟ್ಟಾಗಿತ್ತು.

ಹದಿನೈದು ದಿನದ ಹಿಂದೆ ಪರೀಕ್ಷೆ ನಡೆಸುವವರಿಂದ ಕೇಂದ್ರಕ್ಕೊಂದು ಪತ್ರ ಬಂದಿತ್ತು. ಈ ಆಪರೇಟಿಂಗ್ ಸಿಸ್ಟಮ್ ಹಳೆಯದಾಯಿತು, ಮಾರ್ಚ್ ಮೂವತ್ತೊಂದಕ್ಕೆ ಇದರ ಪರೀಕ್ಷೆ ಕೊನೆ, ಏಪ್ರಿಲ್‌ನಿಂದ ಹೊಸ ಸಿಸ್ಟಮ್ಮಿನದು ಮಾತ್ರ ಎಂದು. ಎಲಿ ಸರ್ ಅದನ್ನು ಹಿಡಿದುಕೊಂಡು ಕೇಂದ್ರದ ಒಡತಿ ಮ್ಯಾಡಮ್ ಪಾಲ್ಮಾರೆಸ್ ಹತ್ತಿರ ಹೋಗಿದ್ದರು.

“ಮಕ್ಕಳಿಗೆ ಹೇಳಿಬಿಡೋಣ್ವಾ ಮ್ಯಾಡಮ್?”

“ಏನಂತ ಹೇಳ್ತೀರಿ?” ಮ್ಯಾಡಮ್ ಕೆಟ್ಟವರೇನಲ್ಲ, ಹಬ್ಬಕ್ಕೆ ಗುಡಿಸುವವಳಿಗೂ ಒಳ್ಳೆಯ ಬಟ್ಟೆ ಕೊಡುವವರು. “ನಾಲ್ಕು ತಿಂಗಳು ಕಲಿತಾಗಿದೆ. ಈಗ ಹೇಳಿದ್ರೆ ಅರ್ಧಕ್ಕೆ ಬಿಟ್ಟು ಹೋಗ್ತಾರೆ. ಪರೀಕ್ಷೆ ಮಾರ್ಚ್ ಹತ್ತಕ್ಕೆ ಇದೆ. ಪಾಸಾಗ್ತಾರೆ, ಕಾಗದ ಸಿಗುತ್ತೆ. ಅದರಲ್ಲಿ ಸುಳ್ಳೇನಿದೆ ಹೇಳಿ? ತಂತಿ ತಂತಿನೇ, ಪ್ರಿಂಟರ್ ಪ್ರಿಂಟರೇ. ಅಡಿಪಾಯ ಗೊತ್ತಿದ್ದವರು ಹೊಸದನ್ನ ಒಂದು ವಾರದಲ್ಲಿ ಕಲ್ತುಕೋತಾರೆ.”

“ಅಡಿಪಾಯ ಕಲಿಸಿದ್ರೆ ಸರಿ…” ಎಂದರು ಎಲಿ ಸರ್, ಬಾಯೊಳಗೇ.

“ಅಂದ್ರೆ? ನೀವು ಕಲಿಸಿಲ್ವಾ?”

ಅವರು ಪತ್ರ ಮಡಿಸಿಕೊಂಡು ಎದ್ದು ಬಂದರು.

ಒಳಗಿನ ಮಾತು ಬೇರೆಯೇ ಇತ್ತು. ಹೊಸ ಸಿಸ್ಟಮ್ ಅವರಿಗೇ ಬರುತ್ತಿರಲಿಲ್ಲ. ಒಮ್ಮೆ ಶಾಪಿಂಗ್ ಮಾಲಿಗೆ ಹೋದಾಗ ಅಂಗಡಿಯಲ್ಲಿ ಇಟ್ಟಿದ್ದ ಹೊಸ ಕಂಪ್ಯೂಟರಿನ ಮುಂದೆ ನಿಂತು ನೋಡಿದ್ದರು. ಎಡಗಡೆ ಮೂಲೆಯಲ್ಲಿರಬೇಕಿದ್ದ ಗುಂಡಿ ಮಧ್ಯಕ್ಕೆ ಬಂದು ಕೂತಿತ್ತು. ಪಟ್ಟಿಯಲ್ಲಿ ಐದನೆಯದೂ ಇಲ್ಲ, ಆರನೆಯದೂ ಇಲ್ಲ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಮನುಷ್ಯ ಅಲ್ಲಿ ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ ಅಂಗಡಿಯ ಹುಡುಗಿ ಬಂದು, “ತಾತ, ಏನಾದ್ರೂ ಸಹಾಯ ಬೇಕಾ?” ಎಂದು ಮೆತ್ತಗೆ ಕೇಳಿದ್ದಳು. ಐವತ್ತಮೂರಕ್ಕೇ ತಾತ! ಅವರು ಬೇಡವೆಂದು ತಲೆಯಾಡಿಸಿ ಹೊರಬಿದ್ದವರು ಮತ್ತೆ ಆ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಈಗ ತರಗತಿಯಲ್ಲಿ ನಿಜ ಹೇಳಿದರೆ ಯಾರಾದರೂ ಎದ್ದು, ಹಾಗಾದರೆ ಹೊಸದನ್ನೇ ಕಲಿಸಿ ಸರ್ ಎನ್ನುತ್ತಾರೆ. ಆಗ ಏನು ಮಾಡುವುದು? ಈ ಭಯಕ್ಕೆ ಅವರು ಬಾಯಿ ಮುಚ್ಚಿಕೊಂಡರು. ಹೇಡಿತನ ಎಂದೇ ಕರೆಯಬೇಕು, ಬೇರೆ ಹೆಸರಿಲ್ಲ.

ಮಾರ್ಚ್ ಹತ್ತರ ಪರೀಕ್ಷೆಯಲ್ಲಿ ಎಲ್ಲರೂ ಪಾಸಾದರು. ರೊವೆನಾ ಮೊದಲನೆಯವಳಾಗಿ ಬಂದಳು. ಎರಡೇ ದಿನದಲ್ಲಿ ಅವಳ ಓಣಿಯ ಬಾಯಲ್ಲಿ, ಈ ಊರಿನ ರೂಢಿಯಂತೆ, ಆಳೆತ್ತರದ ಫ್ಲೆಕ್ಸ್ ಎದ್ದಿತು. ನೀಲಿ ಅಂಗಿಯಲ್ಲಿ ಅವಳ ನಗುಮುಖ, ಪಕ್ಕದಲ್ಲಿ ಸರ್ಟಿಫಿಕೇಟಿನ ಹೆಸರು, ಕೆಳಗೆ ‘ನಮ್ಮ ಓಣಿಯ ಹೆಮ್ಮೆ’ ಎಂದು. ಓಣಿಯವರೆಲ್ಲ ಕೈಲಾದಷ್ಟು ಹಾಕಿ ಮಾಡಿಸಿದ್ದರು. ಎಲಿ ಸರ್‌ರನ್ನು ಊಟಕ್ಕೆ ಕರೆದು, ತಟ್ಟೆ ತುಂಬ ಶಾವಿಗೆ ಬಡಿಸಿದರು. ಹಿರಿಯರಿಗೆ ನಮಸ್ಕರಿಸುವ ಇಲ್ಲಿಯ ರೀತಿಯಂತೆ ಬಿಯಾ ಅವರ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು. ಅಂದೂ ಅವರು ಹೇಳಲಿಲ್ಲ. ತಟ್ಟೆಯಲ್ಲಿ ಅರ್ಧ ಬಿಟ್ಟು, ನೀರು ಕುಡಿದು ಎದ್ದರು.

ಏಪ್ರಿಲ್ ಎರಡನೆಯ ವಾರ ಅವಳಿಗೆ ಸಂದರ್ಶನದ ಕರೆ ಬಂತು. ಹೋಗಿ ಬಂದ ಮರುದಿನ ಬೆಳಿಗ್ಗೆ, ಪಾಠ ಶುರುವಾಗುವ ಮೊದಲೇ, ಅವಳು ಕೇಂದ್ರದ ಮೆಟ್ಟಿಲ ಮೇಲೆ ಕೂತಿದ್ದಳು. ಇಂಟರ್ವ್ಯೂಗೆಂದು ಕೊಂಡ ಕಪ್ಪು ಷೂ ಇನ್ನೂ ಕಾಲಲ್ಲೇ ಇತ್ತು.

“ಏನಾಯ್ತು ರೊವೆನಾ?”

“ಕ್ಷಮಿಸಿ ಸರ್. ನಿಮ್ಮ ಹೆಸರು ಕೆಡಿಸಿಬಿಟ್ಟೆ.”

“ಏನಾಯ್ತು ಅಂತ ಹೇಳು ಮೊದಲು.”

ಅವಳು ನೆಲ ನೋಡುತ್ತಲೇ ಹೇಳಿದಳು. ಆಫೀಸಿನ ಮ್ಯಾಡಮ್ ತುಂಬ ಒಳ್ಳೆಯವರು. ಕಾಗದ ನೋಡಿ ಬದಿಗಿಟ್ಟರು. ಅದೆಲ್ಲ ಇರಲಿ, ಒಬ್ಬರು ಫೋನು ಮಾಡಿ ಪ್ರಿಂಟರ್ ನಿಂತುಹೋಗಿದೆ ಅಂತಿದ್ದಾರೆ, ಈ ಕಂಪ್ಯೂಟರಲ್ಲಿ ಸರಿ ಮಾಡಿ ತೋರಿಸಿ ಅಂದರು. ಇದು ಅಭ್ಯಾಸ ಇದೆಯಲ್ಲ ಅಂತಲೂ ಕೇಳಿದರು. ಇಲ್ಲ ಅನ್ನಲು ನಾಚಿಕೆಯಾಗಿ ಹೂಂ ಮ್ಯಾಡಮ್ ಅಂದೆ.

“ಕೂತೆ ಸರ್. ಎಡಗಡೆ ಕೆಳಗಿನ ಮೂಲೆ ಅಂದ್ಕೊಂಡೆ. ಅಲ್ಲಿ ಒತ್ತಿದೆ, ಮೋಡ, ಬಿಸಿಲು, ಏನೋ ಹವಾಮಾನ ಬಂತು! ಮತ್ತೆ ಒತ್ತಿದೆ. ಮತ್ತೆ ಅದೇ. ನೀವು ಹೇಳ್ಕೊಟ್ಟಿದ್ದೆಲ್ಲ ಮರ್ತೇಹೋಯ್ತು ಸರ್. ಕಣ್ಣೆದುರು ಇದ್ದದ್ದೇ ಕಾಣಲಿಲ್ಲ ಅಂದ್ರೆ ಎಂಥಾ ದಡ್ಡಿ ನಾನು! ಹತ್ತು ನಿಮಿಷ ಸುಮ್ನೆ ಕೂತೆ. ಅವರೇ ಪಾಪ ನೀರು ತಂದುಕೊಟ್ರು.”

ಎಲಿ ಸರ್‌ಗೆ ಎಲ್ಲ ತಿಳಿಯಿತು. ಅವಳು ಏನನ್ನೂ ಮರೆತಿರಲಿಲ್ಲ. ನಾಲಿಗೆಯ ತುದಿಗೆ ಬಂದ ಮಾತನ್ನು ಅವರು ನುಂಗಿಕೊಂಡು, “ಮುಂದಿನ ಸಲ ಆಗುತ್ತೆ ಬಿಡು,” ಎಂದರು.

“ಮುಂದಿನ ಸಲ ಎಲ್ಲಿ ಸರ್? ಏಜೆನ್ಸಿಯವರು ಶುಕ್ರವಾರ ಕಡೇ ದಿನ ಅಂದಿದ್ರು. ನಿನ್ನೆ ಬರ್ತಾನೇ ಸಹಿ ಹಾಕಿ ಬಂದೆ. ಎರಡು ವರ್ಷ.” ಅವಳು ಎದ್ದು ಷೂ ಕೊಡವಿಕೊಂಡಳು. “ಮುಂದಿನ ಶನಿವಾರ ಮಧ್ಯಾಹ್ನ ಬೀಳ್ಕೊಡುಗೆ ಊಟ. ಬರಬೇಕು ಸರ್ ನೀವು. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ.”

ಬೇಜಾರಂತೆ! ಆ ವಾರವೆಲ್ಲ ಅವರು ಪಾಠ ಮಾಡಿದರೋ ಬಿಟ್ಟರೋ ಅವರಿಗೇ ಗೊತ್ತಿಲ್ಲ.

ಶನಿವಾರ ರೊವೆನಾಳ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ಮೇಜಿನ ತುಂಬ ಊಟ, ಪಕ್ಕದಲ್ಲಿ ಯಾರದೋ ಮೈಕಿನಲ್ಲಿ ಹಾಡು. ಈ ಊರಿನಲ್ಲಿ ಅಳುವುದಕ್ಕೆ ಮೊದಲು ಎಲ್ಲರೂ ಹೊಟ್ಟೆ ತುಂಬ ತಿಂದು ಹಾಡುತ್ತಾರೆ. ಬಿಯಾ ತಾಯಿಯ ಅಂಗಿಯ ತುದಿ ಹಿಡಿದು, ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಿದ್ದಳು. ಸೋಮವಾರ ವಿಮಾನ ಎಂದು ಅವಳಿಗೂ ಹೇಳಿದ್ದರು.

ಅತ್ತೆ ಪಸಿಂಗಜ್ಜಿ ಎಲಿ ಸರ್ ಎದುರಿಗೆ ಬಂದು ಕೂತಳು. ಮಾತಿನಲ್ಲಿ ಸದಾ ಕಾರ ಅರೆಯುವ ಮುದುಕಿ.

“ತಿನ್ನಿ ಮೇಷ್ಟ್ರೇ, ತಿನ್ನಿ. ನಿಮ್ಮದೇನು ತಪ್ಪಿದೆ? ಆರು ತಿಂಗಳು ಮೀನಿನ ಬುಟ್ಟಿ ನಾನೊಬ್ಬಳೇ ಹೊತ್ತೆ, ಇವಳು ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಮೀನು ಮಾರೋಳ ತಲೆಗೆ ಅದೆಲ್ಲ ಹತ್ತುತ್ತಾ ಅಂತ ನಾನು ಆವತ್ತೇ ಬಡ್ಕೊಂಡೆ. ಓಣಿ ಬಾಯಲ್ಲಿ ಮುಖ ತೂಗುಹಾಕಿಸ್ಕೊಂಡು, ಕಡೆಗೆ ಅಲ್ಲಿ ಹೋಗಿ ಒಂದು ಗುಂಡಿ ಕಂಡುಹಿಡಿಯೋಕಾಗಲಿಲ್ಲ!”

“ಹೋಗ್ಲಿ ಬಿಡಿ ಅತ್ತೆ,” ಎಂದಳು ರೊವೆನಾ, ಅನ್ನ ಬಡಿಸುತ್ತ. “ನಿಜಾನೇ. ನನಗೆ ಬುದ್ಧಿ ಅಷ್ಟೇ ಇರೋದು.”

ಎಲಿ ಸರ್ ಚಮಚ ಕೆಳಗಿಟ್ಟರು.

“ಅವಳದಲ್ಲ ತಪ್ಪು. ನನ್ನದು.”

“ಅಯ್ಯೋ, ನಿಮಗೆ ದೊಡ್ಡ ಮನಸ್ಸು ಮೇಷ್ಟ್ರೇ…”

“ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಕೇಳಿ ಇಲ್ಲಿ ಅಜ್ಜಿ. ಅಲ್ಲಿದ್ದದ್ದು ಹೊಸ ಸಿಸ್ಟಮ್ಮು. ಇವಳಿಗೆ ನಾನು ಕಲಿಸಿದ್ದು ಹಳೇದು. ಅದರ ಪರೀಕ್ಷೇನೇ ನಿಲ್ಲಿಸ್ತೀವಿ ಅಂತ ಜನವರಿಯಲ್ಲೇ ಪತ್ರ ಬಂದಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಯಾಕೆ ಅಂದ್ರೆ… ಆ ಹೊಸದು ನನಗೇ ಬರಲ್ಲ.”

ಮೈಕಿನವನು ಹಾಡು ನಿಲ್ಲಿಸಿದ. ಡಾನಿಲೋ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಜೋರಾಗಿ ಮಾತಾಡುವವನೇ ಅಲ್ಲ ಅವನು.

“ಜನವರಿಯಲ್ಲಿ ಗೊತ್ತಿತ್ತಾ ಸರ್ ನಿಮಗೆ? ಮಾರ್ಚಲ್ಲಿ ಇದೇ ಜಾಗದಲ್ಲಿ ಕೂತು ಉಂಡ್ರಲ್ಲ, ಆವಾಗ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಆವತ್ತು ಮೆಟ್ಟಿಲ ಮೇಲೆ ಕೂತು ಇವಳು ನಿಮ್ಮ ಕ್ಷಮೆ ಕೇಳಿದ್ಲಲ್ಲ, ಆವಾಗ?”

“ಆವಾಗ್ಲೂ.”

ಡಾನಿಲೋ ಮುಷ್ಟಿ ಬಿಗಿಹಿಡಿದು ಹೆಂಡತಿಯನ್ನು ನೋಡಿದ. ರೊವೆನಾ ಅನ್ನದ ಪಾತ್ರೆ ಹಿಡಿದುಕೊಂಡೇ ನಿಂತಿದ್ದಳು. ಬಯ್ಯುತ್ತಾಳೆ ಎಂದುಕೊಂಡರು ಎಲಿ ಸರ್. ಬಯ್ದಿದ್ದರೆ ಚೆನ್ನಾಗಿತ್ತು.

“ಗುಂಡಿ ಎಲ್ಲಿಗೆ ಹೋಗಿತ್ತು ಸರ್?” ಎಂದು ಕೇಳಿದಳು ಅವಳು.

“ಮಧ್ಯಕ್ಕೆ.”

“ಮಧ್ಯಕ್ಕೆ…” ಪಾತ್ರೆ ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡಳು. “ಪಕ್ಕದ ಜೆರಾಕ್ಸ್ ಅಂಗಡೀಲಿ ಹೊಸ ಕಂಪ್ಯೂಟರ್ ಇದೆ. ಬನ್ನಿ. ನಾನು ನೋಡ್ಬೇಕು.”

“ಈಗ ನೋಡಿ ಏನ್ ಮಾಡ್ತೀಯೇ?” ಎಂದಳು ಪಸಿಂಗಜ್ಜಿ. ಈ ಸಲ ದನಿಯಲ್ಲಿ ಕಾರವಿರಲಿಲ್ಲ. “ಸಹಿ ಹಾಕಿ ಆಯ್ತಲ್ಲ ಮಗಳೇ.”

“ನಾನು ದಡ್ಡಿಯೋ ಅಲ್ವೋ ಅಂತ ಗೊತ್ತಾಗ್ಬೇಕು ಅತ್ತೆ. ಗೊತ್ತಾಗದೆ ಹೆಂಗೆ ಹೋಗ್ಲಿ ನಾನು?”

ಜೆರಾಕ್ಸ್ ಅಂಗಡಿಯವಳು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಎಲಿ ಸರ್ ಪ್ರಿಂಟರಿನ ತಂತಿ ಕಿತ್ತು, ಅಂಗಡಿಯವಳ ಕೈಲಿ ಮೂರು ಹಾಳೆ ಅಚ್ಚಿಗೆ ಕಳಿಸಿಸಿ, ತಂತಿ ಮತ್ತೆ ಸಿಕ್ಕಿಸಿದರು. ಪ್ರಿಂಟರ್ ಮಿಸುಕಾಡಲಿಲ್ಲ.

“ಈಗ ಒಬ್ಬರು ಫೋನ್ ಮಾಡಿದಾರೆ ಅಂದ್ಕೋ,” ಎಂದರು. “ಹಾಳೆ ಬರ್ತಿಲ್ಲ ಅಂತಿದಾರೆ.”

ರೊವೆನಾ ಕೂತಳು. ಬೆರಳು ಅಭ್ಯಾಸದಂತೆ ಎಡಗಡೆ ಮೂಲೆಗೆ ಹೊರಟು, ಅರ್ಧದಲ್ಲೇ ನಿಂತಿತು. ಎಲಿ ಸರ್ ಹಿಂದಿನಿಂದ ಬಗ್ಗಿ ನೋಡಿದರು. ಮಧ್ಯದ ಗುಂಡಿಯವರೆಗೆ ಅವರಿಗೂ ಗೊತ್ತಿತ್ತು, ಮುಂದಿನದು ಕತ್ತಲು.

“ಆ ಪಟ್ಟಿ ತೆಗಿ… ಅಲ್ಲ, ಅದಲ್ಲ. ಇದಿರಬಹುದಾ?” ಎಂದರು ತಡವರಿಸುತ್ತ.

“ಸರ್, ಸ್ವಲ್ಪ ಸುಮ್ನಿರಿ,” ಎಂದಳು ಅವಳು, ಸಿಟ್ಟಿಲ್ಲದೆ. ತನ್ನಷ್ಟಕ್ಕೇ ಮಾತಾಡಿಕೊಳ್ಳತೊಡಗಿದಳು. “ತಂತಿ ಸರಿಯಿದೆ. ದೀಪ ಉರೀತಿದೆ. ಅಂದ್ರೆ ಮೊದಲನೇ ಹಾಳೆ ಎಲ್ಲೋ ಸಿಕ್ಕಿಹಾಕ್ಕೊಂಡಿದೆ, ಹಿಂದಿನವು ಅದಕ್ಕೆ ಕಾಯ್ತಿವೆ. ಮಾರ್ಕೆಟ್ಟಲ್ಲಿ ಮುಂದಿನ ಗಾಡಿ ಕೆಟ್ರೆ ಹಿಂದಿನವೆಲ್ಲ ನಿಲ್ಲಲ್ವಾ, ಹಂಗೆ. ಮುಂದಿನದನ್ನ ತೆಗೀಬೇಕು. ಆ ಸಾಲು ಇಲ್ಲೂ ಇರ್ಲೇಬೇಕು. ಎಲ್ಲಿಟ್ಟಿದಾರೆ ಅಷ್ಟೇ.”

ಅಲ್ಲೊಂದು ಹುಡುಕುವ ಚೌಕ ಇತ್ತು. ಎಲಿ ಸರ್ ಕಣ್ಣಿಗೆ ಬೀಳದ್ದು ಅವಳ ಕಣ್ಣಿಗೆ ಬಿತ್ತು. ಒಂದೊಂದೇ ಅಕ್ಷರ ಕುಟ್ಟಿ ಪ್ರಿಂಟರ್ ಎಂದು ಬರೆದಳು. ಹೊಸದೊಂದು ಪರದೆ ತೆರೆಯಿತು. ಅದರಲ್ಲಿ ಒಂದನ್ನು ಒತ್ತಿದಳು, ತಪ್ಪಾಯಿತು, ಹಿಂದಕ್ಕೆ ಬಂದಳು. ಇನ್ನೊಂದನ್ನು ಒತ್ತಿದಳು. ಮೂರು ಸಾಲು ಒಂದರ ಕೆಳಗೊಂದು ಕಂಡವು. ಮೊದಲಿನದನ್ನು ಅಳಿಸಿದಳು.

ಪ್ರಿಂಟರ್ ಒಮ್ಮೆ ಕೆಮ್ಮಿ ಹಾಳೆ ಉಗುಳಿತು. ಹಿಂದೆಯೇ ಇನ್ನೊಂದು.

ಐದು ನಿಮಿಷವೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಓಣಿಯವರು ಚಪ್ಪಾಳೆ ತಟ್ಟಿದರು. ಬಿಯಾಗೆ ಏನೂ ಅರ್ಥವಾಗದಿದ್ದರೂ ಅವಳೂ ತಟ್ಟಿದಳು. ರೊವೆನಾ ಬಿಸಿ ಹಾಳೆಯನ್ನು ಕೈಯಲ್ಲಿ ಹಿಡಿದು ನಕ್ಕಳು. ನಗುತ್ತ ನಗುತ್ತಲೇ ಅವಳಿಗೆ ಅಳು ಬಂತು.

“ನನಗೆ ಬರ್ತಿತ್ತು ಸರ್. ಆವತ್ತೂ ಬರ್ತಿತ್ತು. ಇದು ಬೇರೆ ಅಂತ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು. ಒಂದೇ ಒಂದು ಮಾತು.”

ಎಲಿ ಸರ್ ಅವಳ ಎದುರು ಕೈ ಮುಗಿದರು. ಕಣ್ಣೀರು ಸುರಿಯಿತು. ಯಾರೂ ಅವರನ್ನು ಸಮಾಧಾನ ಮಾಡಲಿಲ್ಲ, ಮಾಡಬೇಕಾದ್ದೂ ಇರಲಿಲ್ಲ. ಪಸಿಂಗಜ್ಜಿ ಸೊಸೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, “ಮುದಿ ಬಾಯಿ ಇದು, ಏನೇನೋ ಅಂದುಬಿಡ್ತು ಕಣೇ,” ಎಂದು ಮತ್ತೆ ಮತ್ತೆ ಹೇಳಿದಳು. ಡಾನಿಲೋ ಏಜೆನ್ಸಿಗೆ ಫೋನು ಮಾಡಿದ. ಶನಿವಾರವಾದರೂ ಯಾರೋ ಎತ್ತಿದರು. ಟಿಕೆಟ್ ಆಗಿದೆ, ಆ ಕಡೆಯ ಮನೆಯವರು ಕಾಯುತ್ತಿದ್ದಾರೆ, ಈಗ ಬಿಡಲಾಗುವುದಿಲ್ಲ ಎಂದರು. ಅವನು ಫೋನು ಜೇಬಿಗೆ ಹಾಕಿ ಗೋಡೆಯ ಕಡೆ ತಿರುಗಿ ನಿಂತ.

ಭಾನುವಾರ ಎಲಿ ಸರ್ ಮ್ಯಾಡಮ್ ಪಾಲ್ಮಾರೆಸ್ ಮನೆಗೆ ಹೋಗಿ, ನಾಳೆ ಹೊಸ ಬ್ಯಾಚಿಗೆ ನಿಜ ಹೇಳುತ್ತೇನೆ ಎಂದರು. ಮ್ಯಾಡಮ್ ರೇಗಿದರು, ಆಮೇಲೆ ಬೇಡಿಕೊಂಡರು.

“ಎಲಿಸಿಯೋ, ಬರೋವ್ರೂ ಬರಲ್ಲ. ಕೇಂದ್ರ ಮುಚ್ಚಬೇಕಾಗುತ್ತೆ. ನೀವೂ ಬೀದೀಲಿ ಇರ್ತೀರಿ.”

“ಇರ್ತೀನಿ ಮ್ಯಾಡಮ್.”

ಸೋಮವಾರ ಬೆಳಿಗ್ಗೆ ಹೊಸ ಬ್ಯಾಚಿನ ಹತ್ತೊಂಬತ್ತು ಜನ ನೋಟ್‌ಬುಕ್ ತೆರೆದು ಕೂತಿದ್ದರು. ಗೋಡೆ ಗಡಿಯಾರದಲ್ಲಿ ಎಂಟೂ ನಲವತ್ತು. ವಿಮಾನ ಒಂಬತ್ತಕ್ಕೆ ಎಂದು ಡಾನಿಲೋ ಹೇಳಿದ್ದ. ಎಲಿ ಸರ್ ಮೇಜಿಗೆ ಒರಗಿ ನಿಂತು, ಈ ಕೋಣೆಯಲ್ಲಿರುವ ಕಂಪ್ಯೂಟರುಗಳೆಲ್ಲ ಹಳೆಯವು, ಇದರ ಸರ್ಟಿಫಿಕೇಟ್ ಈಗ ಯಾರೂ ಕೊಡುವುದಿಲ್ಲ, ಇಲ್ಲಿಯವರೆಗೆ ನಾನು ಕಲಿಸಿದ್ದು ಬರೀ ಬಾಯಿಪಾಠ ಎಂದು ಹೇಳಿದರು. ಪತ್ರವನ್ನು ಓದಿದರು. ಹೊಸ ಪರೀಕ್ಷೆಯೂ ನಾಲ್ಕೈದು ವರ್ಷಕ್ಕೆ ಹಳೆಯದಾಗುತ್ತದೆ, ಅದನ್ನೂ ತಿಳಿದುಕೊಂಡೇ ಕೂರಿ ಎಂದರು. ಗುಸುಗುಸು ಎದ್ದಿತು. ಏಳು ಜನ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದರು. ಬಾಗಿಲಲ್ಲಿ ನಿಂತಿದ್ದ ಮ್ಯಾಡಮ್ ಹಣೆ ಹಿಡಿದುಕೊಂಡರು.

ಉಳಿದವರಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬಳು, ತರಕಾರಿ ಮಾರುವವಳು, ಎದ್ದು ನಿಂತಳು.

“ಹಂಗಾದ್ರೆ ಹೊಸದನ್ನ ನಮಗೆ ಯಾರು ಕಲಿಸ್ತಾರೆ ಸರ್? ನಿಮಗೆ ಬರುತ್ತಾ?”

“ಇಲ್ಲಮ್ಮ, ನನಗೆ ಬರಲ್ಲ. ನಿಮ್ಮ ಜೊತೆ ನಾನೂ ಕಲೀಬೇಕು.”

“ನಿಮ್ಮ ಹತ್ರ ಕಲಿತವರು ಯಾರಿಗೂ ಬರಲ್ವಾ?”

ಎಲಿ ಸರ್ ಕಿಟಕಿಯ ಕಡೆ ನೋಡಿದರು.

“ಒಬ್ಬಳಿಗೆ ಬರುತ್ತೆ. ನನಗಿಂತ ಚೆನ್ನಾಗಿ ಬರುತ್ತೆ. ಅವಳು ಈಗ ಹಾಂಗ್‌ಕಾಂಗ್‌ಗೆ ಹೋಗ್ತಿದ್ದಾಳೆ, ಮನೆಕೆಲಸಕ್ಕೆ.”